ಗೋತ್ರದ ಹೊಸ ಅಂಗಡಿ

ಎಂಜಲು ಕೊಟ್ಟರೆ ವಂಶ ಹೇಳುವ ಅಂಗಡಿಗಳು ಬಂದಿವೆ! ತಂದೆಯಿಂದ ಮಗನಿಗಷ್ಟೇ ಇಳಿಯುವ ‘ವೈ’ ವರ್ಣತಂತುವನ್ನು ಪರೀಕ್ಷಿಸಿ, ‘ನಿಮ್ಮದು ಆರ್1ಎ ಹ್ಯಾಪ್ಲೋಗ್ರೂಪ್’ ಎಂದು ಚೀಟಿ ಕೊಡುತ್ತಾರೆ. ಅದನ್ನು ಹಿಡಿದು ಕೆಲವರು, ‘ನಾವು ಶುದ್ಧ ಆರ್ಯರು’ ಎಂದು ಮೀಸೆ ತಿರುವುತ್ತಾರೆ.

ಪರೀಕ್ಷೆ ಸುಳ್ಳಲ್ಲ, ಜಂಬ ಸುಳ್ಳು. ಲೆಕ್ಕ ಹಾಕಿ: ಹತ್ತು ತಲೆಮಾರು ಹಿಂದೆ ಹಿರಿಯರ ಸ್ಥಾನಗಳು 1024. ವೈ ಹೇಳುವುದು ಅವರಲ್ಲಿ ಒಬ್ಬನ ಮಾತು. ಹೆತ್ತ ತಾಯಿ ಲೆಕ್ಕಕ್ಕೇ ಇಲ್ಲ! ಮಗಳಲ್ಲಿ ವೈ ಇರುವುದೇ ಇಲ್ಲ. ಹಾಗೆಂದು ಅವಳು ನಿಮ್ಮ ಕುಲದವಳಲ್ಲವೇ?

ಆರ್1ಎ ಯಾರಪ್ಪನ ಆಸ್ತಿ? ಆಂಧ್ರದ ಕಾಡಿನ ಚೆಂಚು ಜನರಲ್ಲೂ ಅದು ಇದೆಯೆಂದು 2003ರಲ್ಲೇ ವಿಜ್ಞಾನಿಗಳು ತೋರಿಸಿದರು. 2013ರ ಸಂಶೋಧನೆ ಇನ್ನೂ ಸ್ಪಷ್ಟ: ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತರು. ಜಾತಿಯೊಳಗೇ ಹೆಣ್ಣು ಕೊಟ್ಟು ತರುವ ಕಟ್ಟು ಬಿಗಿಯಾದದ್ದು ಆಮೇಲೆ.

ಮನುಷ್ಯ ಕಟ್ಟಿದ ಗೋಡೆಯನ್ನು ಮನುಷ್ಯನೇ ಕೆಡವಬಲ್ಲ. ಈ ಚೀಟಿಯಿಂದ ಮಗ್ಗದವನ ಕೂಲಿ ಹೆಚ್ಚದು, ತಕ್ಕಡಿಯವನ ಸಾಲ ತೀರದು. ನಾಳೆ ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಇದನ್ನೂ ಕೇಳಿಯಾರು, ಎಚ್ಚರ! ಕೇಳಿದವರಿಗೆ ಬಾಗಿಲು ತೋರಿಸಿ. ಮಕ್ಕಳು ಜಾತಿ ಮೀರಿ ಕೈ ಹಿಡಿದರೆ, ಮುಂದೆ ನಿಂತು ಅಕ್ಷತೆ ಹಾಕಿ.