ಅಗ್ಗದ ಸೋಪಿಗೆ ಬೆಲೆ ತೆರುವವರಾರು?

“ಮೇಷ್ಟ್ರೇ, ನೂರು ರೂಪಾಯಿಯ ಸಾಮಾನು ಎಂಬತ್ತೈದಕ್ಕೆ ಸಿಕ್ಕರೆ ಯಾರಿಗೆ ನಷ್ಟ?” ದೊಡ್ಡ ರಿಯಾಯಿತಿ ಮಳಿಗೆಗಳಿಂದ ಚೀಲ ತುಂಬಿಕೊಂಡು ಊರಿಗೆ ಬರುವ ನನ್ನ ಹಳೆಯ ವಿದ್ಯಾರ್ಥಿಗಳು ಹೀಗೆ ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ನೇರವಾಗಿರಲಿ: ನಷ್ಟ ನಮ್ಮೆಲ್ಲರಿಗೂ ಇದೆ, ಅದು ರಸೀದಿಯಲ್ಲಿ ಅಚ್ಚಾಗುವುದಿಲ್ಲ, ಅಷ್ಟೆ.

ಮೊದಲು ಸ್ಪರ್ಧೆಯ ಮಾತು. ರಿಪ್ಪನ್‌ಪೇಟೆಯ ದಿನಸಿ ಅಂಗಡಿಯವರು ವಿತರಕರಿಂದ ಒಂದೆರಡು ಪೆಟ್ಟಿಗೆ ಸೋಪು ಕೊಳ್ಳುತ್ತಾರೆ. ದೊಡ್ಡ ಮಳಿಗೆಯವರು ಕಂಪನಿಯಿಂದಲೇ ಲಾರಿಗಟ್ಟಲೆ ತರಿಸುತ್ತಾರೆ. ಇವರು ಕೊಳ್ಳುವ ಬೆಲೆಗಿಂತ ಅವರು ಮಾರುವ ಬೆಲೆಯೇ ಕಡಿಮೆಯಾಗಬಲ್ಲದು. ಇದು ಜಾಣ್ಮೆಯ ಸ್ಪರ್ಧೆಯಲ್ಲ, ಗಾತ್ರದ ಸ್ಪರ್ಧೆ. ಇಂತಹ ಬೆಲೆಭೇದವನ್ನು ತಡೆಯಲೆಂದೇ ಅಮೆರಿಕವು 1936ರಲ್ಲಿ ರಾಬಿನ್‌ಸನ್–ಪ್ಯಾಟ್‌ಮನ್ ಕಾಯಿದೆ ಮಾಡಿತು. ನಮ್ಮ 2002ರ ಸ್ಪರ್ಧಾ ಕಾಯಿದೆಯೂ ಎದುರಾಳಿಯನ್ನು ಓಡಿಸಲು ನಷ್ಟಕ್ಕೆ ಮಾರುವುದನ್ನು ನಿಷೇಧಿಸುತ್ತದೆ. ಆದರೆ ಮಾರುಕಟ್ಟೆಯಲ್ಲಿ ಆಗಲೇ ಪ್ರಾಬಲ್ಯ ಪಡೆದ ಸಂಸ್ಥೆಗೆ ಮಾತ್ರ. ರೋಗ ಉಲ್ಬಣಿಸಿದ ಮೇಲೆ ವೈದ್ಯರಿಗೆ ಹೇಳಿಕಳುಹಿಸಿದಂತೆ!

ದೊಡ್ಡವರೊಳಗಿನ ಸ್ಪರ್ಧೆಯಾದರೂ ಉಳಿಯಿತೇ? 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆದ ಜರ್ಮನಿಯ ಮೆಟ್ರೋ ಸಂಸ್ಥೆಯ ಭಾರತದ ವ್ಯಾಪಾರ 2023ರಲ್ಲಿ ರಿಲಯನ್ಸ್ ಪಾಲಾಯಿತು. ಬಿಗ್ ಬಜಾರಿನ ಅನೇಕ ಮಳಿಗೆಗಳು 2022ರಲ್ಲಿಯೇ ಅದೇ ಕೈ ಸೇರಿದ್ದವು. ಕೈಗಳು ಕಡಿಮೆಯಾದಂತೆ ಅಗ್ಗದ ಬೆಲೆಯು ಅವರ ಕೃಪೆಯಾಗುತ್ತದೆ, ನಮ್ಮ ಹಕ್ಕಾಗಿ ಉಳಿಯುವುದಿಲ್ಲ.

ಇನ್ನು ಕೂಲಿ. “ಉದ್ಯೋಗ ಸೃಷ್ಟಿ” ಎಂಬ ಮಾತು ಕೇಳಲು ಸೊಗಸು. ಅಮೆರಿಕದ ವಾಲ್‌ಮಾರ್ಟ್ ಕುರಿತು ನ್ಯೂಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಒಬ್ಬನಿಗೆ ಕೆಲಸ ಸಿಕ್ಕರೆ ಸುತ್ತಣ ಚಿಲ್ಲರೆ ವ್ಯಾಪಾರದಲ್ಲಿ ಸುಮಾರು 1.4 ಕೆಲಸಗಳು ಅಳಿದವು. ಕೆಲಸ ಕೊಡುವವರು ಕಡಿಮೆಯಾದಲ್ಲಿ ಕೂಲಿ ಕೇಳುವ ದನಿಯೂ ಕುಗ್ಗುತ್ತದೆ. ಅಂಗಡಿಯಲ್ಲಿ ದುಡಿಯುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೊಡಲು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತರಬೇಕಾಯಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾದಲ್ಲಿ ಕೂಲಿಯ ಚೌಕಾಸಿ ಎಲ್ಲಿಂದ ಬರಬೇಕು? ಊರಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದ ಹುಡುಗ ವ್ಯಾಪಾರ ಕಲಿತು ಸ್ವಂತ ಅಂಗಡಿ ಹಾಕುವುದುಂಟು. ಬಿಲ್ಲು ಹಾಕುವ ಯಂತ್ರದ ಮುಂದೆ ನಿಂತ ಹುಡುಗಿಗೆ ಆ ದಾರಿ ಎಲ್ಲಿದೆ?

ನಮ್ಮ ವರ್ತಕರೇನು ಸಾಧುಸಂತರಲ್ಲ. ತೂಕದಲ್ಲಿ ಕೈಚಳಕ ತೋರಿದವರೂ ಇದ್ದಾರೆ. ಆದರೆ ಅಡಿಕೆ ಮಾರಾಟವಾಗುವವರೆಗೆ ಕಡದ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡುವವರು ಅವರೇ. ರಿಯಾಯಿತಿ ಮಳಿಗೆಯ ಯಂತ್ರಕ್ಕೆ ನಿಮ್ಮ ತಂದೆಯ ಮುಖಪರಿಚಯವಿಲ್ಲ.

ಬಾಗಿಲು ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಒಂದೇ ಸರಕಿಗೆ ಎಲ್ಲ ವರ್ತಕರಿಗೂ ನ್ಯಾಯವಾದ ಖರೀದಿ ಬೆಲೆ, ದುಡಿಯುವವರಿಗೆ ಬದುಕಲು ಸಾಲುವ ಸಂಬಳ, ಇವೆರಡನ್ನು ಸರ್ಕಾರ ಖಚಿತಪಡಿಸಲಿ. ವರ್ತಕರೂ ಸುಮ್ಮನೆ ಗೊಣಗದೆ ಒಟ್ಟಾಗಿ ಖರೀದಿಸಲಿ. ಅಡಿಕೆ ಬೆಳೆಗಾರರು 1939ರಲ್ಲಿ ಮ್ಯಾಮ್‌ಕೋಸ್, 1973ರಲ್ಲಿ ಕ್ಯಾಂಪ್ಕೋ ಕಟ್ಟಿದ್ದು ಬಿಡಿಬಿಡಿಯಾಗಿದ್ದರೆ ಬೆಲೆ ಸಿಗದೆಂದು ಅರಿತೇ ಅಲ್ಲವೇ? ಮಾರುವುದಕ್ಕೆ ಒಂದಾದ ನಾಡು ಕೊಳ್ಳುವುದಕ್ಕೂ ಒಂದಾಗಬಲ್ಲದು.

ಪ್ರಿಯ ವಿದ್ಯಾರ್ಥಿಗಳೇ, ಲೆಕ್ಕ ಮಾಡುವಾಗ ಉಳಿಸಿದ ಹದಿನೈದು ರೂಪಾಯಿಯನ್ನು ಮಾತ್ರ ಬರೆಯಬೇಡಿ. ಅದು ಯಾರ ಸಂಬಳದಿಂದ, ಯಾರ ಅಂಗಡಿಯಿಂದ ಕಳೆದದ್ದೆಂಬುದನ್ನೂ ಬರೆಯಿರಿ. ವ್ಯವಕಲನವಿಲ್ಲದ ಲೆಕ್ಕಕ್ಕೆ ನಾನು ಅಂಕ ಕೊಡಲಾರೆ.