‘ಐ7 ಐತಿ’ ಅಂದರೆ ಸಾಕೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಪೇಟೆಗೆ ಹೋದರೂ ನಾಲ್ಕಾರು ಫೋಟೊ ಸ್ಟುಡಿಯೊಗಳು ಕಣ್ಣಿಗೆ ಬೀಳುತ್ತವೆ. ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದು ಈಗ ಯಾರ ಹೊಟ್ಟೆಯೂ ತುಂಬುವುದಿಲ್ಲ. ಲಗ್ನ, ಕುಬುಸ, ಜವಳ, ಜಾತ್ರೆಯ ವಿಡಿಯೊ ಮತ್ತು ಕರಿಜ್ಮಾ ಆಲ್ಬಂಗಳೇ ಆದಾಯ. ಪದವಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಅನೇಕ ಹುಡುಗರು ಎಡಿಟಿಂಗ್ ಕಲಿತು ಇದೇ ದಾರಿಗೆ ಬರುತ್ತಿದ್ದಾರೆ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಕಂಪ್ಯೂಟರ್ ಮಾತ್ರ ಕೊಳ್ಳಲೇಬೇಕು. ಮುದ್ರಾ ಯೋಜನೆಯ ‘ಶಿಶು’ ಸಾಲದ ಮಿತಿ 50,000 ರೂಪಾಯಿ. ಎಡಿಟಿಂಗ್ ಕಂಪ್ಯೂಟರಿಗೆ ಅದು ಸಾಲದೆ ಹೆಚ್ಚಿನವರು ‘ಕಿಶೋರ’ ಸಾಲಕ್ಕೋ ಮನೆಯವರ ಒಡವೆಗೋ ಕೈಹಾಕುತ್ತಾರೆ. ಅಷ್ಟು ಹಣ ಹಿಡಿದು ಅಂಗಡಿಗೆ ಹೋದವನಿಗೆ ಸಿಗುವ ವಿವರಣೆ ಎಷ್ಟು? “ತಮ್ಮಾ, ಐ7 ಐತಿ, ಗ್ರಾಫಿಕ್ಸ್ ಕಾರ್ಡ್ ಐತಿ, ಚಿಂತಿ ಮಾಡಬ್ಯಾಡ.”

ಚಿಂತೆ ಮಾಡಬೇಕು ಎಂಬುದು ನನ್ನ ವಾದ. ಐ7 ಎಂಬ ಹೆಸರು 2008ರಿಂದ ಇದೆ. 2012ರ ಐ7-3770 ಕೂಡ ಐ7, ಅದಾಗಿ ಹತ್ತು ವರ್ಷದ ನಂತರ ಬಂದದ್ದೂ ಐ7. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳಲ್ಲಿ ಆ ಹಳೆಯದು ಈಗಲೂ ‘ಐ7 ಸಿಸ್ಟಂ’ ಎಂದೇ ಮಾರಾಟವಾಗುತ್ತದೆ. 2022ರ ಐ5-12400 ಅದನ್ನು ಎಲ್ಲ ಕೆಲಸದಲ್ಲೂ ಹಿಂದೆ ಹಾಕುತ್ತದೆ. ಆದ್ದರಿಂದ ನೋಡಬೇಕಾದದ್ದು 7 ಎಂಬ ಅಂಕಿಯನ್ನಲ್ಲ, ಅದರ ಮುಂದಿನ ನಾಲ್ಕೈದು ಅಂಕಿಗಳನ್ನು.

ಕೊನೆಯಲ್ಲಿ ಬರುವ ಅಕ್ಷರವನ್ನೂ ನೋಡಬೇಕು. 12400 ಮತ್ತು 12400ಎಫ್ ಒಂದೇ ಎಂದು ಹೇಳಿ ‘ಎಫ್’ ಕೊಡುವುದುಂಟು. ಅದರ ಬೆಲೆ ಸ್ವಲ್ಪ ಕಡಿಮೆ. ಆಟ ಆಡುವವನಿಗೆ ಅದು ಸರಿಯೇ. ಆದರೆ ‘ಎಫ್’ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅದರ ಜೊತೆ ವಿಡಿಯೊ ಬಿಡಿಸುವ ‘ಕ್ವಿಕ್ ಸಿಂಕ್’ ಸೌಲಭ್ಯವೂ ಹೋಗುತ್ತದೆ. ಸೋನಿ, ಕ್ಯಾನನ್‌ನ ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265 ಮಾದರಿಯಲ್ಲಿ 10-ಬಿಟ್ 4:2:2 ವಿಡಿಯೊ ಕೊಡುತ್ತವೆ. ಬಣ್ಣ ತಿದ್ದಲು ಅದು ಬಹಳ ಒಳ್ಳೆಯದು, ಕಂಪ್ಯೂಟರಿಗೆ ಮಾತ್ರ ಬಹಳ ಭಾರ. ಎನ್ವಿಡಿಯಾ ಕಾರ್ಡ್‌ಗಳಲ್ಲಿ 40ರ ಸರಣಿಯವರೆಗೆ ಇದನ್ನು ನೇರವಾಗಿ ಬಿಡಿಸುವ ವ್ಯವಸ್ಥೆ ಇರಲಿಲ್ಲ, 2025ರ 50ರ ಸರಣಿಯಲ್ಲಿ ಬಂತು. 12ನೇ ತಲೆಮಾರಿನ ಸಾಮಾನ್ಯ ಐ5ನ ಒಳಗಿನ ಗ್ರಾಫಿಕ್ಸ್ ಅದನ್ನು ಆಗಲೇ ಮಾಡುತ್ತಿತ್ತು. ಅಂದರೆ ‘ಎಫ್’ ತೆಗೆದುಕೊಂಡು ಉಳಿಸಿದ ಹಣವನ್ನು ಟೈಮ್‌ಲೈನ್ ತಡವರಿಸುವಾಗ ಕುಳಿತು ಕಾಯುತ್ತ ತೀರಿಸಬೇಕಾಗುತ್ತದೆ. ಈಗಾಗಲೇ ಕೊಂಡವರು ಗಾಬರಿಯಾಗಬೇಕಿಲ್ಲ, ಕಡಿಮೆ ಗಾತ್ರದ ಪ್ರಾಕ್ಸಿ ಫೈಲ್ ಮಾಡಿಕೊಂಡು ಎಡಿಟ್ ಮಾಡಬಹುದು. ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಸಂಗ್ರಹದ ಲೆಕ್ಕವನ್ನು ಯಾರು ಬೇಕಾದರೂ ಬೆರಳಲ್ಲಿ ಮಾಡಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ 4ಕೆ ವಿಡಿಯೊ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ತಲಾ ಐದು ಗಂಟೆ ಎಂದರೆ ಒಂದೇ ಲಗ್ನಕ್ಕೆ 450 ಜಿಬಿ. ಹೀಗಿರುವಾಗ 512 ಜಿಬಿ ಎಸ್‌ಎಸ್‌ಡಿ ಒಂದನ್ನೇ ಹಾಕಿ ‘ಎಡಿಟಿಂಗ್ ಸಿಸ್ಟಂ’ ಎಂದು ಮಾರುವುದು ನಗೆಪಾಟಲು. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ ಒಂದು, ನಡೆಯುತ್ತಿರುವ ಕೆಲಸಕ್ಕೆ ಕನಿಷ್ಠ 1 ಟಿಬಿಯ ಇನ್ನೊಂದು ಎಸ್‌ಎಸ್‌ಡಿ, ಮುಗಿದದ್ದನ್ನು ಇಡಲು ಹಾರ್ಡ್ ಡಿಸ್ಕ್, ಮತ್ತು ಆ ಹಾರ್ಡ್ ಡಿಸ್ಕಿನ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಅಕ್ಕಿಕಾಳು ಒಂದೇ ಸಲ ಬೀಳುವುದು. ಡಿಸ್ಕ್ ಹೋಯಿತೆಂದು ಬೀಗರನ್ನು ಮತ್ತೆ ಕರೆಸಲಾಗದು.

ರ‍್ಯಾಮ್ 32 ಜಿಬಿ ಇದ್ದರೆ ನೆಮ್ಮದಿ. ಆದರೆ 2025ರ ಕೊನೆಯಿಂದ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಕಡೆಗೆ ತಯಾರಕರು ವಾಲಿದ್ದರಿಂದ ಸಿಂದಗಿಯ ಸ್ಟುಡಿಯೊದವನೂ ಅದರ ದಂಡ ಕಟ್ಟುತ್ತಿದ್ದಾನೆ. ಸದ್ಯಕ್ಕೆ 16 ಜಿಬಿಯಲ್ಲಿ ಆರಂಭಿಸಿ, ನಾಲ್ಕು ಸ್ಲಾಟ್ ಇರುವ ಬೋರ್ಡ್ ಕೇಳುವುದು ಜಾಣತನ. 12ನೇ ತಲೆಮಾರಿಗೆ ಡಿಡಿಆರ್4 ಬೋರ್ಡ್‌ಗಳೂ ಇವೆ, ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಬೆಂಗಳೂರಿನ ಯೂಟ್ಯೂಬರ್‌ಗಳು ಹೇಳದ ಮಾತೊಂದು ಇದೆ. ನಮ್ಮಲ್ಲಿ ಲಗ್ನದ ಸೀಸನ್ನೂ ಬಿಸಿಲಿನ ಸೀಸನ್ನೂ ಒಂದೇ. ಬಸವ ಜಯಂತಿಯ ಅಕ್ಷಯ ತೃತೀಯದ ಆಸುಪಾಸಿನಲ್ಲೇ ಲಗ್ನಗಳ ಸಾಲು, ಆಗಲೇ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ರಾತ್ರಿಯಿಡೀ ರೆಂಡರ್ ನಡೆಯುವುದೂ ಆಗಲೇ. ಪ್ರೊಸೆಸರ್ 100 ಡಿಗ್ರಿ ಸಮೀಪಿಸಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಗ ಐ7ಗೆ ಕೊಟ್ಟ ಹೆಚ್ಚಿನ ಹಣ ಬಿಸಿಗಾಳಿಯಾಗಿ ಹೋಗುತ್ತದೆ. ಮುಂದೆ ಗಾಜು, ಒಳಗೆ ಬಣ್ಣದ ದೀಪ ಇರುವ ಕ್ಯಾಬಿನೆಟ್ ನೋಡಲು ಚೆಂದ, ಗಾಳಿಗೆ ಗೋಡೆ. ಮುಂಭಾಗದಲ್ಲಿ ಜಾಲರಿ ಇರುವ ಸಾದಾ ಕ್ಯಾಬಿನೆಟ್ಟೇ ನಮ್ಮ ಊರಿಗೆ ಸರಿ. ಎರೆಮಣ್ಣಿನ ಧೂಳು ಜಾಲರಿಯಲ್ಲೂ ನುಗ್ಗುತ್ತದೆ ನಿಜ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿದರಾಯಿತು.

ಕರೆಂಟ್ ಕಥೆಯಂತೂ ಗೊತ್ತೇ ಇದೆ. ಕೂಡಗಿಯಲ್ಲಿ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇಟ್ಟುಕೊಂಡ ಜಿಲ್ಲೆಯವರು ನಾವು, ಆದರೂ ಸಂಜೆ ಬಲ್ಬ್ ಮಿಣುಕುವುದನ್ನು ನೋಡುತ್ತ ಫೈಲ್ ಸೇವ್ ಮಾಡುತ್ತೇವೆ. ಆದ್ದರಿಂದ ನನ್ನ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ ಬರುತ್ತದೆ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವುದನ್ನು ನಂಬಬೇಡಿ. ‘80 ಪ್ಲಸ್’ ಗುರುತು ಮತ್ತು ಐದು ವರ್ಷದ ವಾರಂಟಿ ಇರುವುದನ್ನು ಕೇಳಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಆರ್‌ಟಿಎಕ್ಸ್ 3060 ಕಾರ್ಡಿಗೆ 170, ಐ5-12400ಗೆ ಗರಿಷ್ಠ 117, ಮಾನಿಟರ್ ಮತ್ತು ಉಳಿದದ್ದಕ್ಕೆ ಇನ್ನೊಂದು 60–70 ವಾಟ್ ಕೂಡಿಸಿ ನೋಡಿ, ಅಂಚಿಗೆ ಬಂದಿರುತ್ತದೆ. ಕರೆಂಟ್ ಹೋದ ಕ್ಷಣದಲ್ಲಿ ಯುಪಿಎಸ್ಸೂ ಕೈಬಿಡಬಹುದು. 1 ಕೆವಿಎ ಬೇಕು. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿ, ಅದಕ್ಕೆ ಖರ್ಚು ಅಲ್ಪ.

ಮಾನಿಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ ಬಣ್ಣ ಪೂರ್ತಿ ತೋರಿಸುವಂಥದ್ದು ಸಾಕು. ಅಗ್ಗದ ಪರದೆ ನೋಡಿ ತಿದ್ದಿದ ಮದುಮಗಳ ಮುಖ ಲ್ಯಾಬಿನಿಂದ ಅರಿಶಿನ ಬಳಿದಂತೆ ಬಂದರೆ ಆಲ್ಬಂ ಮರುಮುದ್ರಣದ ಖರ್ಚು ಸ್ಟುಡಿಯೊದವನದೇ.

ಹಾಗಾದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರಬೇಕೇ? ಅನೇಕ ಗೆಳೆಯರು ಹೌದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೀಸನ್ ನಡುವೆ ಬೋರ್ಡ್ ಕೈಕೊಟ್ಟರೆ ಒಂದು ರಾತ್ರಿಯ ಪ್ರಯಾಣ ಮಾಡುವವರು ಯಾರು? ಊರ ಅಂಗಡಿಯವರು ರಾತ್ರಿ ಹತ್ತಕ್ಕೂ ಫೋನ್ ಎತ್ತುತ್ತಾರೆ, ಆ ಸೇವೆಗೆ ಒಂದೆರಡು ಸಾವಿರ ಹೆಚ್ಚು ಕೊಡುವುದು ನಷ್ಟವಲ್ಲ. ಆದರೆ ಅದಕ್ಕೆ ಬದಲಾಗಿ ಕೊಟೇಶನ್‌ನಲ್ಲಿ ‘ಐ7, 16 ಜಿಬಿ, 1 ಟಿಬಿ’ ಎಂದಷ್ಟೇ ಬರೆಯದೆ ಪ್ರತಿ ಭಾಗದ ಕಂಪನಿ, ಪೂರ್ತಿ ಮಾಡೆಲ್ ಸಂಖ್ಯೆ, ವಾರಂಟಿ ವರ್ಷ ಬರೆದುಕೊಡಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. “ಬಿಲ್ ಬ್ಯಾಡಂದ್ರ ಕಡಿಮಿ ಆಗ್ತದ” ಎಂಬ ಮಾತಿಗೆ ಮರುಳಾದರೆ ಮೂರು ವರ್ಷದ ವಾರಂಟಿ ಬಾಯಿಮಾತಾಗಿ ಉಳಿಯುತ್ತದೆ. ಕಾಂಪೋಸಿಷನ್ ಯೋಜನೆಗೆ ಸೇರದೆ ಸಾಮಾನ್ಯ ಜಿಎಸ್‌ಟಿ ನೋಂದಣಿ ಮಾಡಿಸಿದ ಸ್ಟುಡಿಯೊಗಳಿಗೆ ಇನ್ನೊಂದು ಲೆಕ್ಕವಿದೆ. ಒಂದು ಲಕ್ಷದ ಭಾಗಗಳ ಮೇಲೆ ಕಟ್ಟಿದ 18,000 ರೂಪಾಯಿ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಬಿಲ್ ಇದ್ದರೆ ಮಾತ್ರ.