ಓಟಗಾರನ ನಾಡಿ

ಹದಿನೇಳು ವರ್ಷದ ಓಟಗಾರನೊಬ್ಬನನ್ನು ಮಲಗಿಸಿ ನಾಡಿ ಹಿಡಿದರೆ ನಿಮಿಷಕ್ಕೆ ನಲವತ್ತೇ ಬಡಿತ. ಇ.ಸಿ.ಜಿ. ಕಾಗದವನ್ನು ಬಿಡಿಸಿದರೆ ಮತ್ತೊಂದು ವಿಚಿತ್ರ: ಹೃತ್ಕರ್ಣದ ಆಜ್ಞೆ ಹೃತ್ಕುಕ್ಷಿಗೆ ಮುಟ್ಟುವುದು ಬಡಿತದಿಂದ ಬಡಿತಕ್ಕೆ ತಡವಾಗುತ್ತ ಹೋಗಿ, ಕೊನೆಗೆ ಒಂದು ಬಡಿತವೇ ತಪ್ಪಿಹೋಗಿದೆ. ಅದೇ ಕಾಗದ ಎಪ್ಪತ್ತರ ವೃದ್ಧರದಾಗಿದ್ದರೆ ವೈದ್ಯರ ಹುಬ್ಬು ಗಂಟಿಕ್ಕೀತು. ಈ ಹುಡುಗನಿಗಾದರೋ, ಮೂರ್ಛೆ, ತಲೆಸುತ್ತು ಯಾವುದೂ ಇಲ್ಲದಿದ್ದಲ್ಲಿ, ಹೆದರಬೇಕಾದುದೇನೂ ಇಲ್ಲ.

ಅದು ಹೇಗೆಂದಿರಾ? ವರ್ಷಗಟ್ಟಲೆ ದುಡಿದ ಹೃದಯ ಹಿಗ್ಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ವಿಶ್ರಾಂತಿಯಲ್ಲಿ ವೇಗಸ್ ನರವು ಅದರ ಕಡಿವಾಣವನ್ನು ಬಿಗಿಯಾಗಿ ಹಿಡಿದಿರುತ್ತದೆ. ಹುಡುಗನನ್ನು ಎಬ್ಬಿಸಿ ಸ್ವಲ್ಪ ಓಡಿಸಿ ನೋಡಿ, ತಪ್ಪಿದ ಬಡಿತ ತಾನಾಗಿ ಸಾಲಿಗೆ ಬರುತ್ತದೆ. ಈ ಲಯವನ್ನು ಡಚ್ ವೈದ್ಯ ವೆಂಕೆಬಾಖ್ ಅವರು ವರ್ಣಿಸಿದ್ದು 1899ರಲ್ಲಿ. ಅದೇ ವರ್ಷ ಸ್ವೀಡನ್ನಿನ ಹೆನ್ಷೆನ್ ಅವರು ಹಿಮದ ಮೇಲೆ ಸ್ಕೀ ಓಡುವವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿ, ಇವರ ಹೃದಯ ದೊಡ್ಡದೆಂದು ಸಾರಿದರು. ಇಂದಿನ ಮಾದರಿಯ ಇ.ಸಿ.ಜಿ. ಯಂತ್ರ ಆಗಿನ್ನೂ ಬಂದಿರಲಿಲ್ಲ; ಬೆರಳ ತುದಿಯಲ್ಲೇ ಅಷ್ಟು ವಿದ್ಯೆ!

ಎಲ್ಲ ವೈಚಿತ್ರ್ಯವೂ ಇಷ್ಟು ಸಾಧುವಲ್ಲ. ತಡವಾಗುವ ಸೂಚನೆಯನ್ನೇ ಕೊಡದೆ ಥಟ್ಟನೆ ಬಡಿತ ತಪ್ಪುವುದು, ಎಸ್.ಟಿ. ರೇಖೆ ಕುಸಿಯುವುದು, ಕ್ಯೂ.ಟಿ. ಅವಧಿ ಬಹಳ ಉದ್ದವಾಗುವುದು ವ್ಯಾಯಾಮದ ಫಲವಲ್ಲ. ಟಿ ಅಲೆ ತಲೆಕೆಳಗಾದಾಗ ಅದು ಎದೆಯ ಯಾವ ಭಾಗದಲ್ಲೆಂದು ನೋಡಬೇಕು. ಆಫ್ರಿಕನ್ ಮೂಲದ ಕ್ರೀಡಾಪಟುವಿನಲ್ಲಿ, ಎದೆಯ ಮುಂಭಾಗದ ಗೆರೆಗಳಲ್ಲಿ, ಎಸ್.ಟಿ. ರೇಖೆ ಕಮಾನಿನಂತೆ ಎದ್ದ ಬಳಿಕ ಹಾಗಾದರೆ ಸಹಜ. ಎಡಪಾರ್ಶ್ವದಲ್ಲಿ ಕಂಡರೆ ಯಾರಲ್ಲಿಯೂ ಸಹಜವಲ್ಲ. ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ ವಂಶಾನುಗತ ರೋಗವು, ಗೋಡೆ ದಪ್ಪವಾಗುವುದಕ್ಕೆ ವರ್ಷಗಳ ಮುಂಚೆಯೇ ಹೀಗೆ ಸುಳಿವು ಕೊಡುವುದುಂಟು. ಆದುದರಿಂದ ಅಂಥವರಿಗೆ ಒಮ್ಮೆ ಸ್ಕ್ಯಾನ್ ಮಾಡಿ 'ಸರಿಯಾಗಿದೆ' ಎಂದು ಕಳುಹಿಸಿಬಿಟ್ಟರೆ ಸಾಲದು. ಕಾಲಕಾಲಕ್ಕೆ ಮತ್ತೆ ನೋಡಬೇಕು. ಈ ವಿಂಗಡಣೆಗೆ 2017ರಲ್ಲಿ ಅಂತರರಾಷ್ಟ್ರೀಯ ಸೂತ್ರಗಳು ಪ್ರಕಟವಾಗಿವೆ. ತಪ್ಪಾಗಿ ಬರೆದ ಒಂದು ಷರಾ ನಿರೋಗಿಯ ಆಟವನ್ನೇ ಮುಗಿಸೀತು. ಬರೆಯದೆ ಬಿಟ್ಟದ್ದು ಪ್ರಾಣವನ್ನೇ ತೆಗೆದೀತು.

ಇಟಲಿಯಲ್ಲಿ ಸ್ಪರ್ಧಾಳುಗಳಿಗೆ ಈ ತಪಾಸಣೆ 1982ರಿಂದ ಕಡ್ಡಾಯ. ವೆನೆಟೋ ಪ್ರಾಂತದ ತರುಣ ಕ್ರೀಡಾಪಟುಗಳಲ್ಲಿ ಲಕ್ಷಕ್ಕೆ ವರ್ಷಕ್ಕೆ 3.6 ಇದ್ದ ಹಠಾತ್ ಹೃದಯ ಮರಣ 2004ರ ವೇಳೆಗೆ 0.4ಕ್ಕೆ ಇಳಿಯಿತು. ಇಸ್ರೇಲಿನಲ್ಲಿ 1997ರ ಕಾನೂನಿನಿಂದ ಅಂಥ ಇಳಿತ ಕಾಣಲಿಲ್ಲ. ವಾದ ಇನ್ನೂ ನಿಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಓದಬಲ್ಲ ಕಣ್ಣಿಲ್ಲದೆ ಯಂತ್ರವನ್ನಷ್ಟೇ ಕೊಳ್ಳುವುದು ವ್ಯರ್ಥ ಖರ್ಚು. ತಂದೆತಾಯಿಗಳು ಮಾತ್ರ ಎರಡು ಸಂಗತಿಗಳನ್ನು ವೈದ್ಯರಿಂದ ಮುಚ್ಚಿಡಕೂಡದು: ಓಡುತ್ತಿರುವಾಗಲೇ ಮಗು ಮೂರ್ಛೆ ಬಿದ್ದದ್ದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡದ್ದು.

ತಪಾಸಣೆಯ ಜಾಲಕ್ಕೆ ಸಿಗದವರೂ ಇದ್ದಾರೆ. ಯುರೋಪಿನ ದೊಡ್ಡ ಕ್ಲಬ್ಬುಗಳ ಪರೀಕ್ಷೆಗಳನ್ನೆಲ್ಲ ದಾಟಿ ಬಂದಿದ್ದ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಅವರು 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದುಬಿದ್ದರು. ಅಲ್ಲಿಯೇ ಎದೆ ಒತ್ತಿ, ವಿದ್ಯುತ್ ಆಘಾತ ಕೊಟ್ಟು ಉಳಿಸಿಕೊಂಡರು; ಬಳಿಕ ಎದೆಯೊಳಗೆ ರಕ್ಷಕ ಯಂತ್ರವೊಂದನ್ನು ಹೂಡಿದರು. ಅದನ್ನು ಹೊತ್ತವರು ಆಡಲು ಇಟಲಿಯ ನಿಯಮ ಎಡೆಗೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ, 2022ರ ಫೆಬ್ರವರಿಯಲ್ಲಿ ಬ್ರೆಂಟ್‌ಫರ್ಡ್ ತಂಡದ ಪರವಾಗಿ ಮತ್ತೆ ಅಂಗಳಕ್ಕಿಳಿದರು.